ಬದುಕಿ ಬಂದವನಿಗೆ ವೀರಗಲ್ಲಿಲ್ಲ

ಪ್ರಶ್ನೆ: ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಅಂತರ ಕಾಲೇಜು ಸ್ಪರ್ಧೆಗೆ ಒಂದು ನಾಟಕ ಬರೆಯುತ್ತಿದ್ದೇನೆ. ಇಪ್ಪತ್ತರ ಆಸುಪಾಸಿನ ಮೂವರು ಸೈನಿಕರ ಕಥೆ. ಅವರಲ್ಲಿ ಒಬ್ಬ, ಚೆಕ್‌ಪೋಸ್ಟ್‌ನಲ್ಲಿ ನಿಲ್ಲದೆ ಓಡಿದ ಹುಡುಗನಿಗೆ ಗುಂಡು ಹಾರಿಸುತ್ತಾನೆ. ಹುಡುಗನ ಕೈಯಲ್ಲಿ ಏನೂ ಇರಲಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಕೊನೆಯ ದೃಶ್ಯದಲ್ಲಿ ಆ ಸೈನಿಕ ಹುಚ್ಚನಾಗುತ್ತಾನೆ. ಓದಿದ ಗೆಳೆಯರಲ್ಲಿ ಕೆಲವರು 'ಇದು ಸೈನ್ಯಕ್ಕೆ ಅವಮಾನ' ಅಂದರು. ಕೆಲವರು 'ಸಿನಿಮಾ ತರಹ ಇದೆ' ಅಂದರು. ಯುದ್ಧ ಮನಸ್ಸಿಗೆ ಮಾಡುವ ಗಾಯವನ್ನು ಸುಳ್ಳಿಲ್ಲದೆ ತೋರಿಸುವುದು ಹೇಗೆ? ನಮ್ಮ ಸೋದರಮಾವ ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದವರು. ಆ ಬಗ್ಗೆ ಏನೂ ಮಾತಾಡಲ್ಲ. ಅವರನ್ನು ಕೇಳಬಹುದಾ?
ಒಬ್ಬ ಓದುಗ, ಬಸವನಗುಡಿ

ಉತ್ತರ: ಮೊದಲು ಆ ಕೊನೆಯ ದೃಶ್ಯ ತೆಗೆದುಬಿಡಿ. ನಿಮ್ಮ ಸೈನಿಕನಿಗೆ ತಲೆ ಕೆಡಬಾರದು. ಕೆಟ್ಟರೆ ನೋಡುವವರಿಗೆ ಸಮಾಧಾನ ಆಗಿಬಿಡುತ್ತದೆ. 'ಪಾಪ, ಹುಚ್ಚು ಹಿಡೀತು' ಅಂದುಕೊಂಡು ಎದ್ದು ಹೋಗುತ್ತಾರೆ. ನಾನು ಮನೋವೈದ್ಯ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ಊರಿನಲ್ಲಿ ಸೈನ್ಯದಿಂದ ಬಂದ ಎಷ್ಟೋ ಜನರ ಎದುರು ಕೂತಿದ್ದೇನೆ. ನಾನು ನೋಡಿದವರಲ್ಲಿ ಹಾಗೆ ತಲೆ ಕೆಟ್ಟವರು ಬಹಳ ಕಡಿಮೆ. ಉಳಿದವರು ಬೆಳಗ್ಗೆ ಐದಕ್ಕೆ ಏಳುತ್ತಾರೆ. ಶೂ ಪಾಲಿಶ್ ಮಾಡುತ್ತಾರೆ. ಬ್ಯಾಂಕಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಸೆಕ್ಯೂರಿಟಿ ಕೆಲಸಕ್ಕೆ ಹೋಗುತ್ತಾರೆ. ಮನೆ ಸಾಲದ ಕಂತು ಕಟ್ಟುತ್ತಾರೆ. ಅವರ ಬುದ್ಧಿ ನೆಟ್ಟಗೇ ಇದೆ. ನಡೆದದ್ದೆಲ್ಲ ಅವರಿಗೆ ಚೆನ್ನಾಗಿ ನೆನಪಿದೆ, ಕಷ್ಟ ಇರೋದೇ ಅಲ್ಲಿ.

ನಿಮ್ಮ ಪತ್ರ ಓದಿದಾಗ ಒಬ್ಬರು ನೆನಪಾದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಅವರನ್ನು ಕರೆದುಕೊಂಡು ಬಂದಿದ್ದು ಅವರ ಹೆಂಡತಿ. ಆಕೆಯ ದೂರು ಇಷ್ಟೇ: 'ಡಾಕ್ಟ್ರೇ, ಇವರು ಚಪ್ಪಲಿ ಎಸೀತಾರೆ.' ಮನೆಯಲ್ಲಿ ಯಾರದೇ ಹವಾಯಿ ಚಪ್ಪಲಿಯ ಬಾರು ಕಿತ್ತರೂ ಸರಿ, ಇವರು ರಾತ್ರಿಯೇ ಅದನ್ನು ತೆಗೆದುಕೊಂಡು ಹೋಗಿ ದೂರ ಎಸೆದು ಬರುತ್ತಿದ್ದರು. ಬೆಳಗ್ಗೆ ಹೊಸ ಜೋಡಿ ತರುತ್ತಿದ್ದರು. ಕಿತ್ತ ಬಾರಿಗೆ ಪಿನ್ನು ಹಾಕಿಕೊಂಡು ಇನ್ನೆರಡು ತಿಂಗಳು ಓಡಿಸೋದು ನಮ್ಮ ಮನೆಗಳ ರೂಢಿ ಅಲ್ವಾ? ಆಕೆ ಹಾಗೆ ಪಿನ್ನು ಹಾಕಿದ ದಿನ ಇವರು ಊಟ ಬಿಟ್ಟರು. ಉಳಿದಂತೆ ಬಹಳ ಶಾಂತ ಮನುಷ್ಯ. ಕುಡಿತ ಇಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ.

ನಾಲ್ಕನೇ ಸಲ ಬಂದಾಗ ಬಾಯಿ ಬಿಟ್ಟರು. 'ಇಪ್ಪತ್ತೆರಡು ವಯಸ್ಸು ಸಾರ್ ನಂಗೆ.' ಗಡಿ ರಾಜ್ಯವೊಂದರಲ್ಲಿ ನಾಕಾ ಡ್ಯೂಟಿ, ಅಂದರೆ ಚೆಕ್‌ಪೋಸ್ಟ್ ಕಾಯುವ ಕೆಲಸ. ಹಿಂದಿನ ವಾರ ಅದೇ ರಸ್ತೆಯಲ್ಲಿ ಇವರ ಪಲ್ಟನ್ನಿನ ಇಬ್ಬರು ಸತ್ತಿದ್ದರು. ಸಂಜೆ ಮಬ್ಬುಗತ್ತಲಲ್ಲಿ ಒಬ್ಬ ಮನುಷ್ಯ ಹೆಗಲ ಮೇಲೆ ಮೂಟೆ ಹೊತ್ತು ಬಂದ. ನಿಲ್ಲು ಅಂತ ಕೂಗಿದರು. ನಿಲ್ಲಲಿಲ್ಲ. ಮೂರು ಸಲ ಕೂಗಿದರು. ಅವನು ಮೂಟೆ ಸರಿಮಾಡಿಕೊಳ್ಳಲು ಒಂದು ಕೈ ಹಿಂದಕ್ಕೆ ಒಯ್ದ. ಇವರು ಗುಂಡು ಹಾರಿಸಿದರು. ಮೂಟೆಯಲ್ಲಿ ಇದ್ದಿದ್ದು ದನಕ್ಕೆ ಕೊಯ್ದ ಹುಲ್ಲು. ಆ ಮನುಷ್ಯನಿಗೆ ಕಿವಿ ಕೇಳುತ್ತಿರಲಿಲ್ಲ ಅಂತ ಮರುದಿನ ಊರಿನವರು ಬಂದು ಹೇಳಿದರು. ರಸ್ತೆಯಲ್ಲಿ ಒಂದು ನೀಲಿ ಚಪ್ಪಲಿ ಉಳಿದಿತ್ತು. ಬಾರಿಗೆ ಪಿನ್ನು ಹಾಕಿತ್ತು.

ವಿಚಾರಣೆ ಆಯಿತು. ಎಚ್ಚರಿಕೆ ಕೊಟ್ಟಿದ್ದರು, ನಿಯಮ ಮೀರಿಲ್ಲ ಅಂತ ತೀರ್ಮಾನ ಬಂತು. 'ತಪ್ಪಿಲ್ಲ ಅಂತ ಬರೆದುಕೊಟ್ರು ಸಾರ್. ಆ ಕಾಗದ ಟ್ರಂಕ್‌ನಲ್ಲಿದೆ. ಯಾರಿಗೆ ತೋರಿಸ್ಲಿ?'

ನಿಮ್ಮ ನಾಟಕ ಶುರುವಾಗಬೇಕಾದ್ದು ಈ ಕಾಗದ ಕೈಗೆ ಬಂದ ಮೇಲೆ. ನೀವು ಮುಗಿಸಿದ ಜಾಗದಲ್ಲಿ ಇನ್ನೂ ಅರ್ಧ ನಾಟಕ ಬಾಕಿ ಇದೆ.

ಯುದ್ಧದಿಂದ ಮನಸ್ಸಿಗೆ ಆಗುವ ಗಾಯ ಅಂದ ಕೂಡಲೇ ಎಲ್ಲರೂ ಪಿಟಿಎಸ್‌ಡಿ ಅನ್ನುತ್ತಾರೆ, ಅಂದರೆ ದೊಡ್ಡ ಆಘಾತ ಮುಗಿದ ಮೇಲೂ ಬಿಡದೆ ಕಾಡುವ ಮನಸ್ಸಿನ ಕಾಯಿಲೆ. ಪತ್ರಿಕೆಯಲ್ಲೂ ಅದೇ, ಸಿನಿಮಾದಲ್ಲೂ ಅದೇ. ಅದರ ಹಿಂದೆ ದೊಡ್ಡ ಚರಿತ್ರೆ ಇದೆ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು 'ಶೆಲ್ ಶಾಕ್' ಅನ್ನುವ ಪದವನ್ನು ವೈದ್ಯಪತ್ರಿಕೆಯಲ್ಲಿ ಬಳಸಿದರು. ಶೆಲ್ ಸಿಡಿದ ಹೊಡೆತಕ್ಕೆ ನರಗಳು ಅಲುಗಾಡಿ ಹೀಗಾಗುತ್ತದೆ ಅಂತ ಆಗ ಅಂದುಕೊಂಡಿದ್ದರು. ಶೆಲ್ ಹತ್ತಿರವೂ ಸುಳಿಯದ ಹುಡುಗರಿಗೂ ಅದೇ ನಡುಕ ಬಂತು. ಆ ವಿವರಣೆ ನಿಲ್ಲಲಿಲ್ಲ. ಅದೇ ಯುದ್ಧದಲ್ಲಿ, ಸೈನ್ಯ ಬಿಟ್ಟು ಓಡಿದ, ಹೇಡಿತನ ತೋರಿಸಿದ ಎನ್ನುವಂಥ ಆರೋಪ ಹೊರಿಸಿ 306 ಜನರನ್ನು ಬ್ರಿಟಿಷ್ ಸಾಮ್ರಾಜ್ಯದ ಸೈನ್ಯವೇ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಗುಂಡು ಹಾರಿಸಲು ನಿಲ್ಲಿಸಿದ್ದು ಎಷ್ಟೋ ಸಲ ಅದೇ ಪಲ್ಟನ್ನಿನ ಹುಡುಗರನ್ನು. ಅವರಿಗೆ ಏನಾಯಿತು ಅಂತ ಯೋಚಿಸಿ ನೋಡಿ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿತು.

ಪಿಟಿಎಸ್‌ಡಿಯ ಬೇರು ಭಯದಲ್ಲಿದೆ. 'ನಾನು ಸಾಯುತ್ತೇನೆ' ಅನ್ನುವ ಕ್ಷಣ ಮೈಯಲ್ಲಿ ಉಳಿದುಹೋಗುತ್ತದೆ. ಸದ್ದಾದರೆ ಬೆಚ್ಚುತ್ತಾರೆ, ನಿದ್ದೆ ಬರಲ್ಲ, ಕಣ್ಣ ಮುಂದೆ ಅದೇ ಬರುತ್ತದೆ. ಚಪ್ಪಲಿ ಎಸೆಯುತ್ತಿದ್ದ ನಮ್ಮವರಿಗೆ ಇದು ಯಾವುದೂ ಇರಲಿಲ್ಲ. ಪಟಾಕಿ ಸದ್ದಿಗೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅವರ ಬೇರು ಬೇರೆ ಕಡೆ ಇತ್ತು. ತಾನು ಹೀಗೆ ಮಾಡುವವನಲ್ಲ ಅಂತ ಅವರು ನಂಬಿದ್ದರು. ಅದನ್ನೇ ಮಾಡಿದ್ದರು.

ಬೋಸ್ಟನ್‌ನಲ್ಲಿ ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದರು. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಜೊತೆಗಾರರು ಅದನ್ನು ಇನ್ನಷ್ಟು ಬಿಡಿಸಿ ಬರೆದರು. ನಮ್ಮಲ್ಲಿ ಇದನ್ನು 'ನೈತಿಕ ಗಾಯ' ಅಂತ ಅನುವಾದ ಮಾಡುತ್ತಾರೆ. ನನ್ನ ಹತ್ತಿರ ಬರುವ ಯಾರೂ ಆ ಪದ ಹೇಳಿದ್ದಿಲ್ಲ. ಅವರು 'ಒಳಗೆ ಚುಚ್ತಾ ಇದೆ ಸಾರ್' ಅನ್ನುತ್ತಾರೆ. ನಾನು ಅದನ್ನು ಒಳಗಿನ ಮುಳ್ಳು ಅಂತಲೇ ಕರೆಯುತ್ತೇನೆ. ಮಾಡಬಾರದ್ದನ್ನು ಮಾಡಿದರೆ ಆ ಮುಳ್ಳು ಚುಚ್ಚುತ್ತದೆ. ಬೇರೆಯವರು ಮಾಡುವಾಗ ತಡೆಯದೆ ನಿಂತರೂ ಚುಚ್ಚುತ್ತದೆ. ನಂಬಿದ ಮೇಲಿನವರು ಕೈಬಿಟ್ಟರೂ ಚುಚ್ಚುತ್ತದೆ. ನೀವು ಮೂವರು ಸೈನಿಕರನ್ನು ಇಟ್ಟುಕೊಂಡಿದ್ದೀರಿ. ಈ ಮೂರೂ ನಿಮಗೆ ಸಿಕ್ಕಿದವು ನೋಡಿ. ಗುಂಡು ಹಾರಿಸಿದವನೊಬ್ಬ. ಪಕ್ಕದಲ್ಲೇ ಇದ್ದು, 'ತಡಿ' ಅನ್ನಬೇಕು ಅನ್ನಿಸಿಯೂ ಅನ್ನದೇ ಹೋದವನೊಬ್ಬ. ವಿಚಾರಣೆಯಲ್ಲಿ ಹೀಗೇ ಹೇಳು ಅಂತ ಮೇಲಿನವರು ಹೇಳಿಕೊಟ್ಟಿದ್ದನ್ನು ಒಪ್ಪಿಸಿ ಬಂದವನೊಬ್ಬ. ನನ್ನ ಅನುಭವದಲ್ಲಿ ಎರಡನೆಯವನ ಮುಳ್ಳು ಕಡಿಮೆ ನೋಯುವುದಿಲ್ಲ. ಅವನಿಗೆ ವಿಚಾರಣೆಯೂ ಇಲ್ಲ, ಕಾಗದವೂ ಇಲ್ಲ.

ಮೂರನೆಯ ಬಗೆಗೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. 1987ರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಗಿದ್ದು ಶಾಂತಿ ಕಾಪಾಡಲು. ಕೆಲವೇ ತಿಂಗಳಲ್ಲಿ, ಅಲ್ಲಿ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆ ಯುದ್ಧ ಮಾಡಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರ್‌ನಿಂದ ಇಳಿದ 30 ಸಿಖ್ ಸೈನಿಕರಲ್ಲಿ 29 ಜನ ಸತ್ತರು. ಯಾರು ಹೋರಾಟಗಾರ, ಯಾರು ಊರಿನವ ಅಂತ ಬಟ್ಟೆ ನೋಡಿ ಹೇಳಲು ಆಗುತ್ತಿರಲಿಲ್ಲ. 1990ರಲ್ಲಿ ಮರಳುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದರು. ಅಲ್ಲಿದ್ದು ಬಂದ ಒಬ್ಬ ಹಿರಿಯರು ನನಗೆ ಹೇಳಿದ್ದು: 'ಹೋಗುವಾಗ ಯಾಕೆ ಅಂತ ಹೇಳಿದ್ರು. ಬಂದ್ಮೇಲೆ ಯಾಕೆ ಅಂತ ಯಾರೂ ಹೇಳ್ಲಿಲ್ಲ.'

ಇನ್ನು ಅವಮಾನದ ಮಾತಿಗೆ ಬರೋಣ. ನಿಮ್ಮ ಗೆಳೆಯರ ಮೇಲೆ ಸಿಟ್ಟಾಗಬೇಡಿ. ಸೈನಿಕನನ್ನು ಪ್ರೀತಿಸುವವರು ಹಾಗೆ ಹೇಳುವುದು ಸಹಜ. ಆದರೆ ಅವರಿಗೆ ಇದನ್ನು ಹೇಳಿ. ನಮ್ಮ ಭೂಸೇನೆಯೇ ಜನರ ನಡುವೆ ಕೆಲಸ ಮಾಡುವಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಪಟ್ಟಿ ಮಾಡಿಟ್ಟಿದೆ. ಅದನ್ನು ಪಾಲಿಸಲೇಬೇಕು ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನಿಯಮವನ್ನು ಮನಸ್ಸಿಗೆ ಹಚ್ಚಿಕೊಂಡ ಸೈನಿಕನಿಗೇ ಮುಳ್ಳು ಚುಚ್ಚುವುದು. ಯಾರನ್ನು ಕೊಂದರೂ ಸರಿ ಅನ್ನುವವನು ನನ್ನ ಕ್ಲಿನಿಕ್‌ಗೆ ಬರಲ್ಲ. ಬಂದವರೆಲ್ಲ ಒಳ್ಳೆಯ ಸೈನಿಕರಾಗಿದ್ದವರು. ನಿಮ್ಮ ನಾಟಕದ ಹುಡುಗನ ನೋವು ಅವನ ಸಮವಸ್ತ್ರದ ಮರ್ಯಾದೆಯಿಂದಲೇ ಹುಟ್ಟಿದ್ದು. ಇದು ನೋಡುವವರಿಗೆ ತಲುಪಿದರೆ ಯಾರೂ ಅವಮಾನ ಅನ್ನಲಾರರು.

ಇನ್ನೊಂದು ಪ್ರಸಂಗ ಹೇಳುತ್ತೇನೆ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ಜನರನ್ನು ಕೊಂದರು. ಹೆಂಗಸರು, ಮಕ್ಕಳು, ಮುದುಕರು. ಮೇಲೆ ಹೆಲಿಕಾಪ್ಟರ್ ಹಾರಿಸುತ್ತಿದ್ದ ಹ್ಯೂ ಥಾಂಪ್ಸನ್ ಅದನ್ನು ನೋಡಿದರು. ತಮ್ಮದೇ ಸೈನಿಕರು ಮತ್ತು ಅಡಗಿದ್ದ ಹಳ್ಳಿಗರ ನಡುವೆ ಹೆಲಿಕಾಪ್ಟರ್ ಇಳಿಸಿಬಿಟ್ಟರು. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತಮ್ಮ ಇಬ್ಬರು ಜೊತೆಗಾರರಿಗೆ ಹೇಳಿದರು. ಅವರ ವಯಸ್ಸು ಕೇಳಿ. ಥಾಂಪ್ಸನ್‌ಗೆ 24. ಗ್ಲೆನ್ ಆಂಡ್ರಿಯೋಟಾಗೆ 20. ಲಾರೆನ್ಸ್ ಕೋಲ್ಬರ್ನ್‌ಗೆ 18. ಆಂಡ್ರಿಯೋಟಾ ಹೆಣ ತುಂಬಿದ ಹಳ್ಳಕ್ಕೆ ಇಳಿದು ಜೀವ ಇದ್ದ ಒಂದು ಮಗುವನ್ನು ಎತ್ತಿಕೊಂಡು ಬಂದ. ಮೂರು ವಾರದ ನಂತರ ಅವನೂ ಯುದ್ಧದಲ್ಲಿ ಸತ್ತ. ಈ ಮೂವರಿಗೆ ಅವರ ಸೈನ್ಯ ಪದಕ ಕೊಟ್ಟಿದ್ದು 1998ರಲ್ಲಿ, 30 ವರ್ಷ ಆದ ಮೇಲೆ. ನಡುವಿನ ವರ್ಷಗಳಲ್ಲಿ ಥಾಂಪ್ಸನ್‌ರನ್ನು ದ್ರೋಹಿ ಅಂದವರೂ ಇದ್ದರು. ಹದಿನೆಂಟರ ಹುಡುಗನಿಗೂ ಆ ಕ್ಷಣದಲ್ಲಿ ಸರಿ ಯಾವುದು ಅಂತ ಕಾಣಬಹುದು. ಹಾಗಾಗಿ 'ಯುದ್ಧದಲ್ಲಿ ಎಲ್ಲರೂ ಹಾಗೇ' ಅನ್ನುವ ಸಾಲು ನಿಮ್ಮ ನಾಟಕದಲ್ಲಿ ಇದ್ದರೆ ಹೊಡೆದುಹಾಕಿ.

ಆದರೆ ಕಾಣದೇ ಹೋಗಲು ಕಾರಣಗಳಿವೆ. ಅದನ್ನೂ ನೀವು ತಿಳಿದುಕೊಂಡೇ ಬರೆಯಬೇಕು. ನಾಟಕಗಳಲ್ಲಿ ಸೈನಿಕರು ಬಹಳ ಮಾತಾಡುತ್ತಾರೆ, ನಿದ್ದೆಯ ವಿಷಯ ಮಾತ್ರ ಎತ್ತುವುದಿಲ್ಲ. ನಾಕಾದಲ್ಲಿ ನಿಂತವನಿಗೆ ಎಲ್ಲಕ್ಕಿಂತ ದೊಡ್ಡ ಸಂಗತಿ ನಿದ್ದೆ. 24 ಗಂಟೆ ನಿದ್ದೆಗೆಟ್ಟವನ ಚುರುಕುತನ, 100 ಮಿಲಿ ರಕ್ತದಲ್ಲಿ 100 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರ ಪ್ರಯೋಗವೊಂದು ತೋರಿಸಿತು. ನಮ್ಮ ಟ್ರಾಫಿಕ್ ಪೊಲೀಸರು ರಸ್ತೆಯಲ್ಲಿ ಊದಿಸಿ ಹಿಡಿಯುತ್ತಾರಲ್ಲ, ಅಲ್ಲಿ ಮಿತಿ ಇರುವುದು 30 ಮಿಲಿಗ್ರಾಂ. ಗಾಡಿ ಓಡಿಸಲು ಬಿಡದಷ್ಟು ಮಂಕಾದ ಕಣ್ಣಿಗೆ, ಕತ್ತಲಲ್ಲಿ ಒಂದು ಕೈ ಯಾಕೆ ಹಿಂದಕ್ಕೆ ಹೋಯಿತು ಅಂತ ಅರೆ ಕ್ಷಣದಲ್ಲಿ ಓದುವ ಕೆಲಸ ಕೊಟ್ಟಿರುತ್ತೇವೆ. ಅದರ ಮೇಲೆ ಹಿಂದಿನ ವಾರ ಸತ್ತ ಜೊತೆಗಾರನ ನೆನಪು. ಸೈನ್ಯದಲ್ಲಿ 'ಬಡ್ಡಿ' ಅಂತಾರೆ. ಒಟ್ಟಿಗೆ ಡ್ಯೂಟಿ, ಒಟ್ಟಿಗೆ ಊಟ, ಒಬ್ಬರ ಬೆನ್ನು ಇನ್ನೊಬ್ಬರು ಕಾಯೋದು. ಲಂಗರ್‌ನಲ್ಲಿ, ಅಂದರೆ ಸೈನಿಕರ ಊಟದ ಮನೆಯಲ್ಲಿ, ಅವನ ತಟ್ಟೆಯ ಜಾಗ ಖಾಲಿ ಇರುತ್ತದೆ. ಹುಡುಗ ಗುಂಡು ಹಾರಿಸುವಾಗ ಅವನ ಮನಸ್ಸಿನಲ್ಲಿ ದೇಶ, ಧ್ವಜ ಇರುತ್ತದೆ ಅಂತ ನಾವು ಊರಿನಲ್ಲಿ ಕೂತು ಅಂದುಕೊಳ್ಳುತ್ತೇವೆ. ಅವರನ್ನು ಕೇಳಿದರೆ ಬಡ್ಡಿ ಹೆಸರು ಹೇಳುತ್ತಾರೆ.

ತರಬೇತಿಯೂ ಒಂದು ಕಾರಣ. ಹಿಂದೆ ದುಂಡಗಿನ ಗುರಿಗೆ ಹೊಡೆದು ಕಲಿಯುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಮನುಷ್ಯನ ಆಕಾರದ, ದಿಢೀರನೆ ಎದ್ದು ಬೀಳುವ ಗುರಿಗಳು ಬಂದವು. ಯೋಚನೆ ಬರುವ ಮೊದಲೇ ಬೆರಳು ಕೆಲಸ ಮಾಡಬೇಕು ಅನ್ನುವುದು ಉದ್ದೇಶ. ಆ ಚುರುಕು ಎಷ್ಟೋ ಸೈನಿಕರ ಜೀವ ಉಳಿಸಿದೆ, ಅದನ್ನು ಮರೆಯಬಾರದು. ಬೆರಳು ಮೊದಲು ಹೋಗುತ್ತದೆ. ಯೋಚನೆ ಆಮೇಲೆ ಬರುತ್ತದೆ, ಬಂದದ್ದು ವರ್ಷಗಟ್ಟಲೆ ಹೋಗಲ್ಲ. ಇಲ್ಲೊಂದು ಎಚ್ಚರಿಕೆ. ಎರಡನೇ ಮಹಾಯುದ್ಧದಲ್ಲಿ ನೂರಕ್ಕೆ 15ರಿಂದ 25 ಸೈನಿಕರು ಮಾತ್ರ ಗುಂಡು ಹಾರಿಸಿದರು ಅಂತ ಒಂದು ಲೆಕ್ಕ ನಿಮಗೆ ಎಲ್ಲ ಕಡೆ ಸಿಗುತ್ತದೆ. 1947ರಲ್ಲಿ ಎಸ್.ಎಲ್.ಎ. ಮಾರ್ಷಲ್ ಹೇಳಿದ್ದು ಅದು. ನಂತರದ ಇತಿಹಾಸಕಾರರು ಹುಡುಕಿದಾಗ ಆ ಅಂಕಿಗೆ ಆಧಾರವಾಗುವ ದಾಖಲೆ ಸಿಗಲಿಲ್ಲ. ಪಾತ್ರದ ಬಾಯಲ್ಲಿ ಅದನ್ನು ಹಾಕಬೇಡಿ.

ವಯಸ್ಸಿನ ಬಗ್ಗೆ ಒಂದು ಮಾತು. 2022ರಿಂದ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆಯಿಂದ 21ರ ಆಸುಪಾಸಿನ ವಯಸ್ಸಿನವರು ಸೇರುತ್ತಾರೆ. ನಾಲ್ಕು ವರ್ಷ ಸೇವೆ. ಅದಾದ ಮೇಲೆ ನೂರಕ್ಕೆ 25ರವರೆಗೆ ಜನರನ್ನು ಮಾತ್ರ ಉಳಿಸಿಕೊಳ್ಳುವ ನಿಯಮ. ಅಂದರೆ ಹುಡುಗರು 22ಕ್ಕೆ, 24ಕ್ಕೆ ಊರಿಗೆ ಮರಳುತ್ತಾರೆ. ನಿಮ್ಮ ವಯಸ್ಸೇ ಅಲ್ವಾ? ಅವರು ನಿಮ್ಮದೇ ಕಾಲೇಜಿನಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರಬಹುದು. ನಿಮ್ಮ ನಾಟಕದ ಎರಡನೇ ಅರ್ಧಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುತ್ತಿಲ್ಲ. ಕಾಲೇಜು ಕ್ಯಾಂಟೀನು. ಕಾಫಿ. 'ನೀನು ಯಾರನ್ನಾದ್ರೂ ಹೊಡೆದಿದ್ದೀಯಾ ಮಗಾ?' ಅಂತ ನಗುತ್ತಾ ಕೇಳುವ ಗೆಳೆಯ.

ಈಗ ಒಂದು ಕೆಲಸ ಮಾಡಿ. ರಜೆಯ ದಿನ ಬೇಗೂರಿಗೆ ಹೋಗಿ ಬನ್ನಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಕಾಲದ ಶಾಸನ ಇದೆ. ನಮ್ಮ ಊರಿನ ಹೆಸರು ಸಿಗುವ ಅತಿ ಹಳೆಯ ಬರಹ ಅದು ಅಂತಾರೆ. ಅದರಲ್ಲಿ ಇರುವುದು ಊರು ಕಟ್ಟಿದ ಸುದ್ದಿಯಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅನ್ನುವ ಸುದ್ದಿ. ಒಬ್ಬ ತಂದೆಯ ಮಗ ಸತ್ತ ಯುದ್ಧದ ಮೂಲಕ ನಮ್ಮ ಊರಿನ ಹೆಸರು ಕಲ್ಲಿಗೆ ಬಂತು. ಆ ನಾಗತ್ತರನೂ ಮುಂದೆ ಯುದ್ಧದಲ್ಲೇ ಸತ್ತ. ಅವನ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಆನೆ, ಕುದುರೆ, ಕತ್ತಿ, ಬಿದ್ದವರು, ಎಲ್ಲ ಒತ್ತೊತ್ತಾಗಿ ಕೆತ್ತಿದ್ದಾರೆ. ಅದರ ಎದುರು ನಾನು ಎಷ್ಟೋ ಮಧ್ಯಾಹ್ನ ನಿಂತಿದ್ದೇನೆ. ನಮ್ಮ ಸಾಮಾನ್ಯ ವೀರಗಲ್ಲುಗಳಲ್ಲಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಲಿಂಗದ ಎದುರು ಅವನು ಕೂತಿರುವುದು. ಸಾವಿರ ವರ್ಷದಿಂದ ನಾವು ಈ ಮೂರು ಚಿತ್ರ ಕೆತ್ತುತ್ತಾ ಬಂದಿದ್ದೇವೆ. ಈಗಲೂ ಬ್ರಿಗೇಡ್ ರೋಡಿನ ತುದಿಯಲ್ಲಿ ಮದ್ರಾಸ್ ಸ್ಯಾಪರ್ಸ್ ಸ್ಮಾರಕ ಇದೆ. ಪ್ಲಾನೆಟೇರಿಯಂ ಹತ್ತಿರದ ಮಿಲಿಟರಿ ಸ್ಮಾರಕದಲ್ಲಿ ಸಾವಿರಾರು ಹೆಸರು ಕೆತ್ತಿದೆ. ಎಲ್ಲವೂ ಸತ್ತವರಿಗೆ. ಅದು ಸರಿಯೇ. ಆದರೆ ಅದೇ ಕಾಳಗದಲ್ಲಿ ಇನ್ನೊಬ್ಬರನ್ನು ಕೊಂದು, ಬದುಕಿ, ರಾತ್ರಿ ಮನೆಗೆ ನಡೆದು ಬಂದು, ಬಾಗಿಲಲ್ಲಿ ಕಾಲು ತೊಳೆದವನು ಯಾವ ಅಂತಸ್ತಿನಲ್ಲೂ ಇಲ್ಲ. ನೀವು ಅವನ ಬಗ್ಗೆ ಬರೆಯುತ್ತಿದ್ದೀರಿ ಅಂತ ನೆನಪಿಡಿ.

ಬರೆಯುವಾಗ ಗುಂಡಿನ ದೃಶ್ಯ ಚಿಕ್ಕದಿರಲಿ. ನಿಜದಲ್ಲೂ ಅದು ಕೆಲವೇ ಸೆಕೆಂಡು. ಸೈನಿಕರು ಇಂಥದ್ದನ್ನು ಹೇಳುವಾಗ 'ಕಾಂಟ್ಯಾಕ್ಟ್ ಆಯ್ತು' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಪಶ್ಚಾತ್ತಾಪದ ಉದ್ದ ಭಾಷಣ ಖಂಡಿತ ಬೇಡ. ಈ ಮುಳ್ಳು ಇರುವವರು ಪದಗಳಿಂದ ದೂರ ಇರುತ್ತಾರೆ. ವಸ್ತುಗಳಲ್ಲಿ ಅದು ಕಾಣುತ್ತದೆ. ಒಬ್ಬರು ಅಕ್ಕನ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಕಾರಣ ಕೇಳಿದರೆ 'ಕೈ ತಣ್ಣಗಿದೆ' ಅನ್ನುತ್ತಾರೆ. ಒಬ್ಬರು ಊರಿನವರು ಹಾಕಿದ ಫ್ಲೆಕ್ಸ್‌ನಲ್ಲಿ ತಮ್ಮ ಫೋಟೋ ಇರುವ ಭಾಗವನ್ನು ರಾತ್ರಿ ಬ್ಲೇಡಿನಲ್ಲಿ ಕೊಯ್ದು ತಂದಿದ್ದರು. ಹೊಗಳಿಕೆ ಅವರಿಗೆ ಬಹಳ ನೋವು ಕೊಡುತ್ತದೆ. ಇದು ಹೊರಗಿನವರಿಗೆ ಗೊತ್ತೇ ಆಗಲ್ಲ. ಸ್ವಾತಂತ್ರ್ಯ ದಿನ ಶಾಲೆಗೆ ಕರೆದು ಶಾಲು ಹೊದಿಸಿದಾಗ ಬೆವರುವವರನ್ನು ನಾನು ಕಂಡಿದ್ದೇನೆ.

ನಿಮ್ಮ ಮಾವನ ವಿಷಯ. ಕೇಳಬಹುದು, ಆದರೆ ನಾಟಕಕ್ಕೋಸ್ಕರ ಕೇಳಬೇಡಿ. ಪುಸ್ತಕ, ಫೋನ್ ರೆಕಾರ್ಡರ್ ಎಲ್ಲ ಮನೆಯಲ್ಲಿರಲಿ. 'ಎಷ್ಟು ಜನರನ್ನ ಹೊಡೆದ್ರಿ' ಅನ್ನುವ ಪ್ರಶ್ನೆ ಯಾವತ್ತೂ ಬೇಡ. ಮೊದಲ ಪೋಸ್ಟಿಂಗ್ ಎಲ್ಲಿ, ಚಳಿ ಹೇಗಿತ್ತು, ಲಂಗರ್‌ನಲ್ಲಿ ಏನು ಮಾಡ್ತಿದ್ರು, ಬಡ್ಡಿ ಯಾವ ಊರಿನವರು ಅಂತ ಕೇಳಿ. ಸುಮ್ನೆ ಕೂತಿರಿ. ಅವರೊಂದು ಹೆಸರು ಹೇಳಿ ನಿಲ್ಲಿಸಿದರೆ ಮುಂದಕ್ಕೆ ತಳ್ಳಬೇಡಿ. ಮೌನ ತುಂಬಲು ನೀವು ಮಾತಾಡಬೇಡಿ. ಎಲ್ಲ ಮೌನವೂ ಮುಳ್ಳಲ್ಲ. ಎಷ್ಟೋ ಜನಕ್ಕೆ ಸುಮ್ಮನೆ ಹೇಳಲು ಇಷ್ಟ ಇರಲ್ಲ, ಅವರು ಆರಾಮಾಗಿಯೇ ಇರುತ್ತಾರೆ.

ಅವರೇನಾದರೂ ಹೇಳಿಬಿಟ್ಟರೆ ಒಂದು ತಪ್ಪು ಮಾಡಬೇಡಿ. ನಾನು ಮಾಡಿದ ತಪ್ಪು ಅದು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರು ಬಹಳ ಕಷ್ಟಪಟ್ಟು ತಮ್ಮ ಕಥೆ ಹೇಳಿದರು. ನನಗೆ ಹೊಟ್ಟೆ ಕಿವುಚಿದಂತಾಯಿತು. ಕೂಡಲೇ 'ಅದು ನಿಮ್ಮ ತಪ್ಪಲ್ಲ' ಅಂದುಬಿಟ್ಟೆ. ಅವರು ಎದ್ದು ನಿಂತರು. 'ಹಾಗಾದ್ರೆ ಸತ್ತವರು ಸುಮ್ನೆ ಸತ್ರಾ?' ಅಂತ ಕೇಳಿ ಹೊರಟುಹೋದರು. ಎಂಟು ತಿಂಗಳು ಬರಲಿಲ್ಲ. ಆ ಎಂಟು ತಿಂಗಳು ನನಗೆ ನಿದ್ದೆ ಸರಿ ಇರಲಿಲ್ಲ. ಭಯದ ಗಾಯಕ್ಕೆ 'ನೀವು ಈಗ ಸುರಕ್ಷಿತ' ಅನ್ನುವ ಮಾತು ಔಷಧ. ಈ ಗಾಯಕ್ಕೆ 'ನಿಮ್ಮ ತಪ್ಪಲ್ಲ' ಅನ್ನುವುದು ಬಾಗಿಲು ಮುಚ್ಚಿದ ಹಾಗೆ. ಟ್ರಂಕಿನಲ್ಲಿರುವ ಕಾಗದ ಹೇಳುವುದೂ ಅದನ್ನೇ ತಾನೇ? ಅವರಿಗೆ ಬೇಕಾದ್ದು ಪೂರ್ತಿ ಕೇಳಿದ ಮೇಲೂ ಎದ್ದು ಹೋಗದೆ ಎದುರು ಕೂತಿರುವ ಒಬ್ಬ ಮನುಷ್ಯ. ಈಗಿನ ಕೆಲವು ಚಿಕಿತ್ಸೆಗಳು ಇದನ್ನೇ ಆಧರಿಸಿವೆ. ತಾನು ಗೌರವಿಸುವ ಹಿರಿಯರೊಬ್ಬರು ಅಥವಾ ಸತ್ತವರೇ ಎದುರು ಕುರ್ಚಿಯಲ್ಲಿ ಕೂತಿದ್ದಾರೆ ಅಂತ ಭಾವಿಸಿ, ನಡೆದದ್ದನ್ನು ಅವರಿಗೆ ಹೇಳಬೇಕು. ಆಮೇಲೆ ಅವರು ಏನು ಹೇಳಿಯಾರು ಅನ್ನುವುದನ್ನೂ ತಾನೇ ಹೇಳಬೇಕು. ಎರಡು ಕುರ್ಚಿ, ಒಬ್ಬ ಮನುಷ್ಯ. ರಂಗದ ಮೇಲೆ ಇದು ಹೇಗೆ ಕಾಣುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನಮ್ಮವರಿಗೆ ಇದು ಹೊಸದೇನೂ ಅಲ್ಲ. ಬಾಹುಬಲಿ ಕಥೆ ನಿಮಗೆ ಗೊತ್ತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಅಣ್ಣನನ್ನು ಗೆದ್ದ. ಗೆದ್ದ ಕೈಯನ್ನು ನೋಡಿಕೊಂಡು ಎಲ್ಲ ಬಿಟ್ಟು ಹೋದ. ಬಳ್ಳಿ ಹಬ್ಬುವ ತನಕ, ಒಂದು ವರ್ಷ ನಿಂತ. ಆದರೂ ಜ್ಞಾನ ಬರಲಿಲ್ಲ. ಅಣ್ಣನಿಗೆ ನೋವು ಕೊಟ್ಟೆ ಅನ್ನುವುದು ಒಳಗೆ ಉಳಿದಿತ್ತು. ಜೈನರು ಅದನ್ನು ಶಲ್ಯ ಅನ್ನುತ್ತಾರೆ. ಶಲ್ಯ ಅಂದರೆ ಮುಳ್ಳು. ಸೋತ ಭರತನೇ ನಡೆದು ಬಂದು ಕೈಮುಗಿದ ಮೇಲೆ ಅದು ಹೋಯಿತು. ಒಬ್ಬನೇ ಎಷ್ಟು ತಪಸ್ಸು ಮಾಡಿದರೂ ಹೋಗದಿದ್ದದ್ದು ಇನ್ನೊಬ್ಬ ಬಂದಾಗ ಹೋಯಿತು. ನನ್ನ ಕೋಣೆಯಲ್ಲಿ ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ.

ಚಪ್ಪಲಿಯ ಮನುಷ್ಯ ಈಗ ಹೇಗಿದ್ದಾರೆ ಅಂತ ನಿಮಗೆ ಅನ್ನಿಸಬಹುದು. ಸತ್ತವನ ಮನೆ ಅವರಿಗೆ ತಲುಪುವ ಹಾಗಿರಲಿಲ್ಲ. ಎರಡು ಕುರ್ಚಿಯ ಕೆಲಸ ನಾವು ತುಂಬಾ ದಿನ ಮಾಡಿದೆವು. ಆಮೇಲೆ ಅವರು ತಾವಾಗಿಯೇ ಒಂದು ಕಿವುಡು ಮಕ್ಕಳ ಶಾಲೆಗೆ ಹೋಗಲು ಶುರು ಮಾಡಿದರು. ಭಾನುವಾರ ಬೆಳಗ್ಗೆ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಾರೆ. ಕೂಗುವುದಿಲ್ಲ, ಕೈಯಲ್ಲೇ ಹೇಳುವುದನ್ನು ಕಲಿತಿದ್ದಾರೆ. ಮುಳ್ಳು ಪೂರ್ತಿ ಹೋಗಿದೆ ಅಂತ ನಾನು ಹೇಳಲಾರೆ. ಹೋದ ವರ್ಷ ಅವರ ಹೆಂಡತಿ ಫೋನ್ ಮಾಡಿ, ಬಾಗಿಲಲ್ಲಿ ಪಿನ್ನು ಹಾಕಿದ ಚಪ್ಪಲಿ ಮೂರು ವಾರದಿಂದ ಹಾಗೇ ಇದೆ ಅಂದರು.

ಮಾವನಿಗೆ ನಿದ್ದೆಯ ತೊಂದರೆ, ಕುಡಿತ, 'ನಾನಿದ್ದು ಏನು' ಅನ್ನುವಂಥ ಮಾತು ಇದ್ದರೆ ಮಾತ್ರ ತಡ ಮಾಡಬೇಡಿ. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್‌ಗಳಿವೆ. ನಿಮ್ಹಾನ್ಸ್ ನಿಮ್ಮ ಮನೆಯಿಂದ ದೂರವಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರದರ್ಶನದ ದಿನ ಮಾವ ಬರುತ್ತೇನೆ ಅಂದರೆ ಕರೆದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಬಾಗಿಲ ಹತ್ತಿರದ, ಗೋಡೆಗೆ ಬೆನ್ನು ಕೊಡುವ ಕುರ್ಚಿ ಇಟ್ಟಿರಿ. ಗುಂಡಿನ ಸದ್ದು ಯಾವ ದೃಶ್ಯದಲ್ಲಿ ಬರುತ್ತದೆ ಅಂತ ಮೊದಲೇ ಹೇಳಿಡಿ. ನಾಟಕ ಮುಗಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ. ಹೊರಗೆ ಒಟ್ಟಿಗೆ ಕಾಫಿ ಕುಡಿಯಿರಿ, ಮನೆತನಕ ಜೊತೆಗೆ ಹೋಗಿ.